ಲಾರಿ ಎಂಜಿನ್ನಿನ ಕಾಯಿಲೆ, ಕಂಪನಿಯ ಹೆಸರು

ಮಂಗಳೂರಿನಲ್ಲಿ ಸರಕು ತುಂಬಿಕೊಂಡು ಬೆಂಗಳೂರಿನ ಕಡೆ ಹೊರಟ ಲಾರಿಗೆ ಗುಂಡ್ಯ ದಾಟಿದ ಮೇಲೆ ನಿಜವಾದ ಪರೀಕ್ಷೆ ಶುರುವಾಗುತ್ತದೆ. ಶಿರಾಡಿ ಘಾಟಿಯ ಏರಿನಲ್ಲಿ ಸಣ್ಣ ಗೇರಿನಲ್ಲಿ ತೆವಳುವಾಗ ರೇಡಿಯೇಟರಿಗೆ ಬಡಿಯುವ ಗಾಳಿ ಕಡಿಮೆ, ಎಂಜಿನ್ನಿನ ಮೇಲಿನ ಭಾರ ಹೆಚ್ಚು. ಬಯಲುಸೀಮೆಯ ನೇರ ರಸ್ತೆಯಲ್ಲಿ ಅಡಗಿ ಕೂತಿದ್ದ ದೋಷ ಇಲ್ಲಿ ಹೊರಬೀಳುತ್ತದೆ. ಬಿಸಿ ತೋರಿಸುವ ಮುಳ್ಳು ಕೆಂಪಿನತ್ತ ಏರುತ್ತದೆ, ಹೊಗೆಯ ಬಣ್ಣ ಬದಲಾಗುತ್ತದೆ, ‘ಪುಲ್ಲಿಂಗೇ ಇಲ್ಲ’ ಎನ್ನುತ್ತಾ ಚಾಲಕ ಗಾಡಿಯನ್ನು ಬದಿಗೆ ಹಾಕುತ್ತಾನೆ. ಸುತ್ತ ನಾಲ್ಕು ಜನ ಸೇರಿದರೆ ಎರಡು ಪ್ರಶ್ನೆಗಳು ಏಳುತ್ತವೆ: ಏನು ಕೆಟ್ಟಿದೆ? ಬೇರೆ ಕಂಪನಿಯ ಗಾಡಿ ತೆಗೆದುಕೊಂಡಿದ್ದರೆ ಹೀಗಾಗುತ್ತಿತ್ತೇ?

ಮೊದಲನೆಯ ಪ್ರಶ್ನೆಗೆ ಉತ್ತರ ಹುಡುಕಲು ಒಂದು ಕ್ರಮವಿದೆ. ಎರಡನೆಯದಕ್ಕೆ ಹೆಚ್ಚಿನವರು ಅಭಿಮಾನದಿಂದ ಉತ್ತರ ಕೊಡುತ್ತಾರೆ. ಆದರೆ ಇವೆರಡೂ ಒಂದಕ್ಕೊಂದು ಹೆಣೆದುಕೊಂಡಿವೆ. ತಪ್ಪಾಗಿ ಗುರುತಿಸಿದ ದೋಷವೊಂದು ಮತ್ತೆ ಮತ್ತೆ ಮರಳಿ ಬಂದಾಗ ಒಳ್ಳೆಯ ಎಂಜಿನ್ನಿಗೂ ಕೆಟ್ಟ ಹೆಸರು ಅಂಟುತ್ತದೆ. ಹಳೆಯ ಎಂಜಿನ್ ಗಳಿಸಿಕೊಟ್ಟ ಒಳ್ಳೆಯ ಹೆಸರಿನ ನೆರಳಿನಲ್ಲಿ ಕೆಟ್ಟ ಎಂಜಿನ್ನೂ ಮಾರಾಟವಾಗುತ್ತದೆ.

ಭಾರತದ ಲಾರಿ ರಿಪೇರಿಯ ವಿದ್ಯೆ ಬೆಳೆದದ್ದು ಕಿವಿ, ಮೂಗು ಮತ್ತು ಅಂಗೈಯ ಮೇಲೆ. 1954ರಿಂದ 15 ವರ್ಷ ಟಾಟಾ ಕಂಪನಿ ಜರ್ಮನಿಯ ಡೈಮ್ಲರ್-ಬೆಂಜ್ ಜೊತೆಗೂಡಿ ಲಾರಿ ತಯಾರಿಸಿತು. ಆ ಪರಂಪರೆಯಿಂದ ಬಂದ ‘697’ ಎಂಜಿನ್ನಿನ ಹೆಸರಲ್ಲೇ ಅದರ ಜಾತಕವಿತ್ತು: ಆರು ಸಿಲಿಂಡರ್, 97 ಮಿಲಿಮೀಟರ್ ಬೋರ್. ಡೀಸೆಲ್ ಪಂಪು ಮತ್ತು ನಾಜಲ್ಲುಗಳು ಬರುತ್ತಿದ್ದದ್ದು 1951ರಲ್ಲಿ ಬೆಂಗಳೂರಿನಲ್ಲಿ ಹುಟ್ಟಿದ ಮೈಕೊ ಕಾರ್ಖಾನೆಯಿಂದ. ಈಗ ಬಾಷ್ ಎಂದು ಹೆಸರು ಬದಲಾದರೂ ಹೆದ್ದಾರಿ ಬದಿಯ ಎಷ್ಟೋ ಪಂಪು ರಿಪೇರಿಯವರ ಬಾಯಲ್ಲಿ ಅದು ಮೈಕೊನೇ. ಒಂದೇ ಬಗೆಯ ಎಂಜಿನ್ ದಶಕಗಟ್ಟಲೆ ಓಡಿದ್ದರಿಂದ ಒಬ್ಬ ಮೇಸ್ತ್ರಿ ತನ್ನ ಜೀವಮಾನದಲ್ಲಿ ಅದರ ಎಲ್ಲ ಕಾಯಿಲೆಗಳನ್ನೂ ಕಂಡಿರುತ್ತಿದ್ದ.

ಅವನ ಮೊದಲ ಪಾಠ ಹೊಗೆ. ಕಪ್ಪು ಹೊಗೆ ಬಂದರೆ ಡೀಸೆಲ್ಲಿಗೆ ತಕ್ಕಷ್ಟು ಗಾಳಿ ಸಿಗುತ್ತಿಲ್ಲ ಎಂದರ್ಥ: ಏರ್ ಫಿಲ್ಟರ್ ಕಟ್ಟಿಕೊಂಡಿರಬಹುದು, ಟರ್ಬೊದಿಂದ ಬರುವ ಹೋಸ್ ಪೈಪು ಸೀಳಿರಬಹುದು, ಇಲ್ಲವೇ ನಾಜಲ್ ಡೀಸೆಲನ್ನು ಮಂಜಿನಂತೆ ಚಿಮ್ಮಿಸುವ ಬದಲು ತೊಟ್ಟಿಕ್ಕಿಸುತ್ತಿರಬಹುದು. ನೀಲಿ ಹೊಗೆ ಬಂದರೆ ಆಯಿಲ್ ಉರಿಯುತ್ತಿದೆ. ರಿಂಗು, ವಾಲ್ವ್ ಸೀಲ್ ಅಥವಾ ಟರ್ಬೊ ಸೀಲ್ ಸವೆದಿದೆ. ಬಿಳಿ ಹೊಗೆಯಲ್ಲಿ ಎರಡು ಬಗೆ. ಕಣ್ಣು ಉರಿಸುವ, ಡೀಸೆಲ್ ವಾಸನೆಯ ಬಿಳಿ ಹೊಗೆ ಉರಿಯದೆ ಹೊರಬಂದ ಇಂಧನ. ಸಿಹಿವಾಸನೆ ಬೀರುತ್ತಾ ಗಾಳಿಯಲ್ಲಿ ಬೇಗ ಕರಗುವ ಬಿಳಿ ಹೊಗೆ ಕೂಲೆಂಟಿನ ಹಬೆ; ಹೆಡ್ ಗ್ಯಾಸ್ಕೆಟ್ ಹೋಗಿದೆ ಅಥವಾ ಹೆಡ್ ಬಿರಿದಿದೆ ಎಂಬುದರ ಸೂಚನೆ.

ಎರಡನೆಯ ಪಾಠ ಆಯಿಲ್ ಮತ್ತು ನೀರು. ಡಿಪ್ ಸ್ಟಿಕ್ಕಿನಲ್ಲಿ ಆಯಿಲ್ ಹಾಲು ಬೆರೆತ ಕಾಫಿಯಂತೆ ಕಂಡರೆ ನೀರು ಸೇರಿದೆ. ಆಯಿಲ್ ತೆಳುವಾಗಿ, ಮಟ್ಟ ಏರಿ, ಡೀಸೆಲ್ ವಾಸನೆ ಹೊಡೆದರೆ ಇಂಜೆಕ್ಟರ್ ಸೋರುತ್ತಿದೆ ಎಂಬ ಅನುಮಾನ ಬರಬೇಕು. ಎಂಜಿನ್ ಓಡುವಾಗ ರೇಡಿಯೇಟರಿನಲ್ಲಿ ಗುಳ್ಳೆಗಳು ಏಳುತ್ತಲೇ ಇದ್ದರೆ ಸಿಲಿಂಡರಿನ ಗ್ಯಾಸು ನೀರಿನ ದಾರಿಗೆ ನುಗ್ಗುತ್ತಿದೆ. ಆಯಿಲ್ ಹಾಕುವ ಮುಚ್ಚಳ ತೆಗೆದಾಗ ದಮ್ಮೆಂದು ಹೊಗೆ ಎದ್ದರೆ ಮೇಸ್ತ್ರಿಗಳು ‘ಬ್ಯಾಕ್ ಕಂಪ್ರೆಷನ್’ ಎನ್ನುತ್ತಾರೆ. ಪಿಸ್ಟನ್ ರಿಂಗುಗಳ ಆಯುಸ್ಸು ಮುಗಿದಿದೆ. ಬಳ್ಳಾರಿ-ಸಂಡೂರಿನ ಅದಿರು ರಸ್ತೆಗಳಲ್ಲಿ ಓಡುವ ಗಾಡಿಗೆ ಈ ಕಾಯಿಲೆ ಬೇಗ ಬರುವುದು ಏಕೆಂದು ಕೇಳಬೇಕಿಲ್ಲ. ಏರ್ ಫಿಲ್ಟರಿನ ಒಂದು ಸಡಿಲ ಕ್ಲಾಂಪಿನಿಂದ ಒಳಹೊಕ್ಕ ಧೂಳು ಉಪ್ಪುಕಾಗದದಂತೆ ಲೈನರನ್ನು ಉಜ್ಜಿ ತೆಗೆಯುತ್ತದೆ.

ಒಳ್ಳೆಯ ಮೇಸ್ತ್ರಿಯನ್ನು ಗುರುತಿಸುವುದು ಅವನು ಏನನ್ನು ಮೊದಲು ಬಿಚ್ಚುತ್ತಾನೆ ಎಂಬುದರಿಂದ. ಪುಲ್ಲಿಂಗ್ ಇಲ್ಲವೆಂದು ಬಂದ ಗಾಡಿಯ ಪಂಪಿಗೆ ಅವನು ನೇರವಾಗಿ ಕೈ ಹಾಕುವುದಿಲ್ಲ. ಡೀಸೆಲ್ ಫಿಲ್ಟರ್, ಟ್ಯಾಂಕಿನ ಗಾಳಿಕಿಂಡಿ, ಡೀಸೆಲ್ ಎಳೆಯುವ ಪೈಪಿನಲ್ಲಿ ಗಾಳಿ ಸೇರುವ ಸಂದು, ಟರ್ಬೊ ಹೋಸು, ಸೈಲೆನ್ಸರಿನ ಅಡಚಣೆ, ಹಿಡಿದುಕೊಂಡ ಬ್ರೇಕ್ ಹೀಗೆ ಕೆಲವು ನೂರು ರೂಪಾಯಿಯಲ್ಲಿ ಮುಗಿಯುವುದನ್ನೆಲ್ಲ ನೋಡಿ ಆಮೇಲೆ ಸಾವಿರಗಳ ಕಡೆ, ಕೊನೆಗೆ ಲಕ್ಷಗಳ ಕಡೆ ಹೋಗುತ್ತಾನೆ.

ಈ ವಿದ್ಯೆ ಇಂದಿಗೂ ಸುಳ್ಳಾಗಿಲ್ಲ. ಆದರೆ ಅದರ ಒಂದು ಭಾಗ ಈಗ ಜೀವಕ್ಕೇ ಅಪಾಯ. ಹಳೆಯ ಎಂಜಿನ್ನಿನಲ್ಲಿ ಯಾವ ಸಿಲಿಂಡರ್ ಸತ್ತಿದೆ ಎಂದು ತಿಳಿಯಲು ಎಂಜಿನ್ ಓಡುತ್ತಿರುವಾಗಲೇ ಒಂದೊಂದು ನಾಜಲ್ ಪೈಪಿನ ನಟ್ಟನ್ನು ಸಡಿಲಿಸಿ ಸದ್ದು ಕೇಳುತ್ತಿದ್ದರು. ಸಡಿಲಿಸಿದರೂ ಸದ್ದು ಬದಲಾಗದ ಸಿಲಿಂಡರೇ ಕೆಟ್ಟದ್ದು. ಇಂದಿನ ಕಾಮನ್ ರೈಲ್ ಎಂಜಿನ್ನಿನ ಪೈಪುಗಳಲ್ಲಿ ಡೀಸೆಲ್ಲಿನ ಒತ್ತಡ 1600 ಬಾರ್ ಮತ್ತು ಅದಕ್ಕೂ ಮೇಲೆ ಇರುತ್ತದೆ. ಅಲ್ಲಿ ನಟ್ಟು ಸಡಿಲಿಸಿದರೆ ಚಿಮ್ಮುವ ಎಳೆ ಚರ್ಮವನ್ನು ಸೀಳಿ ಮಾಂಸದೊಳಗೆ ಇಳಿಯುತ್ತದೆ; ಹೊರಗೆ ಸೂಜಿ ಚುಚ್ಚಿದಷ್ಟೇ ಗಾಯ ಕಂಡರೂ ಕೈಬೆರಳನ್ನೇ ಕತ್ತರಿಸುವ ಸ್ಥಿತಿ ಬರಬಹುದು. ಈ ಎಂಜಿನ್‌ಗಳಲ್ಲಿ ಅದೇ ಪರೀಕ್ಷೆಯನ್ನು ಸ್ಕ್ಯಾನರ್ ಮೂಲಕ ಇಂಜೆಕ್ಟರನ್ನು ಒಂದೊಂದಾಗಿ ನಿಲ್ಲಿಸಿ ಮಾಡಬೇಕು, ಇಲ್ಲವೇ ಪ್ರತಿ ಇಂಜೆಕ್ಟರಿನಿಂದ ಹಿಂದಿರುಗುವ ಡೀಸೆಲನ್ನು ಬೇರೆ ಬೇರೆ ಬಾಟಲಿಯಲ್ಲಿ ಹಿಡಿದು ಅಳೆಯಬೇಕು.

ಇನ್ನೊಂದು ದೊಡ್ಡ ಬದಲಾವಣೆ ಬಂದದ್ದು ಹೊಗೆಯ ಕಾನೂನಿನಿಂದ. 2017ರ ಏಪ್ರಿಲ್ 1ರಂದು ದೇಶದಾದ್ಯಂತ ಬಿಎಸ್-4, ಸರಿಯಾಗಿ ಮೂರು ವರ್ಷದ ನಂತರ 2020ರ ಏಪ್ರಿಲ್ 1ರಂದು ಬಿಎಸ್-6 ಜಾರಿಗೆ ಬಂತು. ಡೀಸೆಲ್ಲಿನ ಗಂಧಕ ಹತ್ತು ಲಕ್ಷದಲ್ಲಿ 50 ಭಾಗದಿಂದ 10ಕ್ಕೆ ಇಳಿಯಿತು. ದೊಡ್ಡ ಎಂಜಿನ್‌ಗಳು ಒಂದು ಯೂನಿಟ್ ಶಕ್ತಿಗೆ ಉಗುಳಬಹುದಾದ ನೈಟ್ರೋಜನ್ ಆಕ್ಸೈಡ್ 3.5 ಗ್ರಾಂನಿಂದ ಅರ್ಧ ಗ್ರಾಂಗೂ ಕೆಳಗೆ ಬಂತು. ಎಂಜಿನ್ನಿನ ಹಿಂದೆ ಒಂದು ಪುಟ್ಟ ರಾಸಾಯನಿಕ ಕಾರ್ಖಾನೆಯೇ ಸೇರಿಕೊಂಡಿತು: ಮಸಿ ಹಿಡಿದು ಸುಡುವ ಫಿಲ್ಟರ್, ಚಾಲಕರು ‘ಯೂರಿಯಾ’ ಎಂದೇ ಕರೆಯುವ, ಶೇ 32.5 ಯೂರಿಯಾ ಬೆರೆತ ಶುದ್ಧ ನೀರನ್ನು ಸಿಂಪಡಿಸುವ ವ್ಯವಸ್ಥೆ, ಮುಂದೊಂದು ಹಿಂದೊಂದು ಸೆನ್ಸರ್.

ಈಗ ಡ್ಯಾಶ್‌ಬೋರ್ಡಿನಲ್ಲಿ ದೀಪ ಹತ್ತುತ್ತದೆ, ಗಾಡಿ ತಾನಾಗಿ ಶಕ್ತಿ ಇಳಿಸಿಕೊಳ್ಳುತ್ತದೆ, ಸ್ಕ್ಯಾನರಿನಲ್ಲಿ ಒಂದು ಕೋಡ್ ಕಾಣುತ್ತದೆ. ಅಲ್ಲಿಗೆ ರೋಗ ಪತ್ತೆಯಾಯಿತು ಎಂದು ನಂಬುವುದೇ ಇಂದಿನ ದೊಡ್ಡ ತಪ್ಪು. ಕೋಡ್ ಹೇಳುವುದು ಕಂಪ್ಯೂಟರಿಗೆ ಏನು ಕಂಡಿತು ಎಂಬುದನ್ನು ಮಾತ್ರ. ಹೊಗೆ ಶುದ್ಧಿಯಾಗುತ್ತಿಲ್ಲ ಎಂಬ ಒಂದು ಕೋಡಿನ ಹಿಂದೆ ನೀರು ಬೆರೆಸಿದ ಯೂರಿಯಾ ಇರಬಹುದು, ಸಿಂಪಡಿಸುವ ಮೂತಿಯಲ್ಲಿ ಹರಳುಗಟ್ಟಿದ ಉಪ್ಪು ಇರಬಹುದು, ಸೈಲೆನ್ಸರಿನ ಜಾಯಿಂಟಿನಲ್ಲಿ ಸೋರಿಕೆ ಇರಬಹುದು, ಕೊನೆಗೆ ಸೆನ್ಸರೇ ಕೆಟ್ಟಿರಲೂಬಹುದು. ಕೋಡ್ ಓದಿದ ಕೂಡಲೇ ಸೆನ್ಸರ್ ಬದಲಿಸುವವರ ಕೈಯಲ್ಲಿ ಮಾಲೀಕನ ದುಡ್ಡು ಹೋಗುತ್ತದೆ, ವಾರದಲ್ಲಿ ಅದೇ ದೀಪ ಮತ್ತೆ ಹತ್ತುತ್ತದೆ. ಆಗ ಅವನ ಬಾಯಲ್ಲಿ ಬರುವ ಮಾತು ‘ಈ ಕಂಪನಿ ಗಾಡಿನೇ ಸರಿ ಇಲ್ಲ’.

ಕೆಡುವ ಮೊದಲೇ ಹಿಡಿಯುವ ದಾರಿಯೂ ಉಂಟು. ರೈಲ್ವೆಯ ಡೀಸೆಲ್ ಶೆಡ್‌ಗಳಲ್ಲಿ ಎಂಜಿನ್ ಆಯಿಲಿನ ಮಾದರಿ ತೆಗೆದು ಅದರಲ್ಲಿ ಕರಗಿದ ಲೋಹಗಳನ್ನು ಪ್ರಯೋಗಾಲಯದಲ್ಲಿ ಅಳೆಯುವ ಪದ್ಧತಿ ಬಹಳ ಹಿಂದಿನಿಂದ ಇದೆ. ಕಬ್ಬಿಣ ಹೆಚ್ಚಿದರೆ ಲೈನರ್ ಸವೆಯುತ್ತಿದೆ, ಸೀಸ ಮತ್ತು ತಾಮ್ರ ಹೆಚ್ಚಿದರೆ ಬೇರಿಂಗ್, ಸಿಲಿಕಾನ್ ಹೆಚ್ಚಿದರೆ ಧೂಳು ಒಳಗೆ ಹೋಗುತ್ತಿದೆ, ಸೋಡಿಯಂ ಕಂಡರೆ ಕೂಲೆಂಟ್ ಸೋರುತ್ತಿದೆ. ಮನುಷ್ಯರ ರಕ್ತಪರೀಕ್ಷೆಗೆ ಸಮಾನವಾದ ಈ ಪರೀಕ್ಷೆ ಒಂದೆರಡು ಲಾರಿ ಇಟ್ಟುಕೊಂಡ ಮಾಲೀಕರ ತನಕ ಇನ್ನೂ ಇಳಿದು ಬಂದಿಲ್ಲ.

ಇನ್ನು ಎರಡನೆಯ ಪ್ರಶ್ನೆ: ಯಾವ ಕಂಪನಿಯನ್ನು ನಂಬುವುದು? ಈ ಜಗಳ ಅತ್ಯಂತ ಬಿಸಿಯಾಗಿ ನಡೆಯುವುದು ಅಮೆರಿಕದಲ್ಲಿ. ಅಲ್ಲಿ ಟ್ರಕ್ ಎಂದರೆ ಮೊದಲು ನೆನಪಾಗುವುದು ಪಿಕಪ್. ಫೋರ್ಡ್, ಷೆವ್ರೊಲೆ, ರ‍್ಯಾಮ್, ಟೊಯೋಟ ಎಂದು ಮನೆತನಗಳೇ ಹಂಚಿಹೋಗಿವೆ. ಈ ಜಗಳವನ್ನು ನೋಡುವುದು ನಮಗೂ ಉಪಯುಕ್ತ, ಏಕೆಂದರೆ ಅಲ್ಲಿನ ಸೋಲುಗಳು ಸಾರ್ವಜನಿಕ ದಾಖಲೆಯಲ್ಲಿವೆ.

ಫೋರ್ಡ್‌ನ ದೊಡ್ಡ ಪಿಕಪ್‌ಗಳಿಗೆ 1994ರಿಂದ 2003ರವರೆಗೆ ಬಂದ 7.3 ಲೀಟರಿನ ಡೀಸೆಲ್ ಎಂಜಿನ್ ಇಂದಿಗೂ ದಂತಕಥೆ. ಅದರ ಜಾಗಕ್ಕೆ ಬಂದ 6.0 ಲೀಟರಿನ ಎಂಜಿನ್ ಅಷ್ಟೇ ಕುಖ್ಯಾತ. ಎರಡನ್ನೂ ತಯಾರಿಸಿದ್ದು ಒಂದೇ ಕಂಪನಿ, ನವಿಸ್ಟಾರ್. ಎರಡರ ಮೇಲೂ ಇದ್ದದ್ದು ‘ಪವರ್ ಸ್ಟ್ರೋಕ್’ ಎಂಬ ಒಂದೇ ಹೆಸರು. 6.0 ಎಂಜಿನ್ನಿನಲ್ಲಿ ಹೆಡ್ ಗ್ಯಾಸ್ಕೆಟ್ ಹೋಗುತ್ತಿತ್ತು. ವರ್ಕ್‌ಶಾಪುಗಳು ಗ್ಯಾಸ್ಕೆಟ್ ಬದಲಿಸುತ್ತಿದ್ದವು, ಅದು ಮತ್ತೆ ಹೋಗುತ್ತಿತ್ತು. ಮೂಲ ದೋಷ ಹಲವು ಬಾರಿ ಇದ್ದದ್ದು ಇನ್ನೆಲ್ಲೋ: ಆಯಿಲ್ ಕೂಲರಿನ ಕಿರಿದಾದ ನೀರಿನ ದಾರಿಗಳು ಕಸದಿಂದ ಕಟ್ಟಿಕೊಳ್ಳುತ್ತಿದ್ದವು, ಅದರಿಂದ ಮುಂದಿದ್ದ, ಹೊಗೆಯನ್ನು ತಣಿಸುವ ಕೂಲರಿಗೆ ನೀರು ಸಾಲದೆ ಅದು ಬಿರಿಯುತ್ತಿತ್ತು, ಕೂಲೆಂಟ್ ಸಿಲಿಂಡರಿಗೆ ಹೋಗಿ ಹಬೆಯಾಗಿ, ಒತ್ತಡ ಏರಿ, ಹೆಡ್ ಬೋಲ್ಟುಗಳು ತಡೆಯಲಾರದೆ ಗ್ಯಾಸ್ಕೆಟ್ ಹೋಗುತ್ತಿತ್ತು. ಅನುಭವಿಗಳು ಎಂಜಿನ್ ಬಿಚ್ಚುವ ಮುಂಚೆ ಆಯಿಲ್ ಮತ್ತು ಕೂಲೆಂಟಿನ ಬಿಸಿಯನ್ನು ಹೋಲಿಸಲು ಕಲಿತರು. ಒಂದೇ ವೇಗದಲ್ಲಿ ಓಡುವಾಗ ಇವೆರಡರ ನಡುವೆ ಸುಮಾರು 8 ಡಿಗ್ರಿ ಸೆಲ್ಸಿಯಸ್ಸಿಗಿಂತ ಹೆಚ್ಚು ಅಂತರ ಕಂಡರೆ ಆಯಿಲ್ ಕೂಲರ್ ಕಟ್ಟಿಕೊಂಡಿದೆ ಎಂದು ಲೆಕ್ಕ. ವಾರಂಟಿ ಖರ್ಚು ಯಾರು ಹೊರಬೇಕೆಂಬ ಜಗಳ 2007ರ ಜನವರಿಯಲ್ಲಿ ಕೋರ್ಟು ಮುಟ್ಟಿತು, 2009ರಲ್ಲಿ ರಾಜಿಯಾಯಿತು. 2011ರ ಮಾದರಿಯಿಂದ ಫೋರ್ಡ್ ತನ್ನದೇ 6.7 ಲೀಟರಿನ ಡೀಸೆಲ್ ಎಂಜಿನ್ ತಂದಿತು.

ಟೊಯೋಟದ ಹೆಸರು ಕೇಳಿದರೆ ವಾದವೇ ಮುಗಿಯಿತು ಎನ್ನುವವರಿದ್ದಾರೆ. ಅದಕ್ಕೆ ಕಾರಣವೂ ಇದೆ. 2007ರ ಒಂದು ಟಂಡ್ರಾ ಪಿಕಪ್ ಮೂಲ ಎಂಜಿನ್ನಿನಲ್ಲೇ ಹತ್ತು ಲಕ್ಷ ಮೈಲಿ, ಅಂದರೆ ಸುಮಾರು 16 ಲಕ್ಷ ಕಿಲೋಮೀಟರ್ ಓಡಿತು. 2016ರಲ್ಲಿ ಕಂಪನಿಯೇ ಮಾಲೀಕನಿಗೆ ಹೊಸ ಗಾಡಿ ಕೊಟ್ಟು ಹಳೆಯದನ್ನು ಪರೀಕ್ಷೆಗಾಗಿ ತೆಗೆದುಕೊಂಡಿತು. ಆದರೆ 2022ರ ಮಾದರಿಯಲ್ಲಿ ಹಳೆಯ ವಿ8 ಹೋಗಿ ಎರಡು ಟರ್ಬೊಗಳ ಹೊಸ ವಿ6 ಬಂತು. 2024ರ ಮೇ ತಿಂಗಳಲ್ಲಿ ಅದೇ ಟಂಡ್ರಾ ಮತ್ತು ಲೆಕ್ಸಸ್ ಸೇರಿ ಸುಮಾರು 1 ಲಕ್ಷ 2 ಸಾವಿರ ಗಾಡಿಗಳನ್ನು ಟೊಯೋಟ ಹಿಂದಕ್ಕೆ ಕರೆಯಬೇಕಾಯಿತು. ಕಾರ್ಖಾನೆಯಲ್ಲಿ ಕೊರೆಯುವಾಗ ಉಳಿದ ಲೋಹದ ಚೂರುಗಳು ಎಂಜಿನ್ನಿನೊಳಗೆ ಉಳಿದು ಬೇರಿಂಗುಗಳನ್ನು ತಿನ್ನುತ್ತಿದ್ದವು. ಪರಿಹಾರವಾಗಿ ಎಂಜಿನ್ನನ್ನೇ ಬದಲಿಸಿಕೊಡುವುದಾಗಿ ಕಂಪನಿ ಹೇಳಿತು.

2025ರ ಏಪ್ರಿಲ್‌ನಲ್ಲಿ ಜನರಲ್ ಮೋಟರ್ಸ್‌ನ ಸರದಿ. 2021ರಿಂದ 2024ರ ಮಾದರಿಯ ಪಿಕಪ್ ಮತ್ತು ಎಸ್‌ಯುವಿಗಳ 6.2 ಲೀಟರಿನ ವಿ8 ಎಂಜಿನ್ನಿನಲ್ಲಿ ಕ್ರ್ಯಾಂಕ್‌ಶಾಫ್ಟ್ ಮತ್ತು ಕನೆಕ್ಟಿಂಗ್ ರಾಡ್ ದೋಷ. ಅಮೆರಿಕದಲ್ಲೇ ಸುಮಾರು 5 ಲಕ್ಷ 97 ಸಾವಿರ ಗಾಡಿ. ಕಂಪನಿಗೆ ಬಂದ ದೂರುಗಳೇ 28 ಸಾವಿರ ದಾಟಿದ್ದವು. ಪರೀಕ್ಷೆಯಲ್ಲಿ ಕೆಟ್ಟದ್ದೆಂದು ಕಂಡ ಎಂಜಿನ್ ಬದಲಾಗುತ್ತದೆ, ಉಳಿದವಕ್ಕೆ ಮೊದಲಿನ ತೆಳುವಾದ 0ಡಬ್ಲ್ಯು-20 ಬದಲು ದಪ್ಪನೆಯ 0ಡಬ್ಲ್ಯು-40 ಆಯಿಲ್.

ಈ ಪ್ರಕರಣದ ಒಂದು ಅಂಕಿಯನ್ನು ಗಮನಿಸಬೇಕು. ಹಿಂದಕ್ಕೆ ಕರೆದ ಗಾಡಿಗಳಲ್ಲಿ ದೋಷ ಇರಬಹುದಾದದ್ದು ಶೇ 3 ಎಂದು ಕಂಪನಿಯೇ ಅಂದಾಜಿಸಿತ್ತು. ಅಂಥ ಐದು ಗಾಡಿ ಇಟ್ಟುಕೊಂಡವನಿಗೆ ಅವುಗಳಲ್ಲಿ ಒಂದಾದರೂ ಕೆಟ್ಟದ್ದು ಸಿಗುವ ಸಾಧ್ಯತೆ ಶೇ 14. ಅಂದರೆ ಐದೈದು ಗಾಡಿ ಇರುವ ನೂರು ಮಾಲೀಕರಲ್ಲಿ 86 ಮಂದಿ ‘ನನಗೆ ಒಂದು ದಿನವೂ ತೊಂದರೆ ಕೊಟ್ಟಿಲ್ಲ’ ಎಂದು ಆಣೆಯಿಟ್ಟು ಹೇಳಬಲ್ಲರು. ಅವರು ಸುಳ್ಳು ಹೇಳುತ್ತಿಲ್ಲ. ಆದರೂ ಆ ಎಂಜಿನ್ನಿನಲ್ಲಿ ಸಾವಿರಾರು ಜನರನ್ನು ತಟ್ಟುವ ದೋಷವಿತ್ತು. ಟೀ ಅಂಗಡಿಯ ಮುಂದಿನ ವಾದ ಎಂದೂ ಬಗೆಹರಿಯದಿರುವುದು ಇದಕ್ಕೇ: ಒಬ್ಬೊಬ್ಬರ ಅನುಭವವೂ ನಿಜ, ಆದರೆ ಯಾರ ಅನುಭವವೂ ತೀರ್ಪು ಕೊಡುವಷ್ಟು ದೊಡ್ಡದಲ್ಲ.

ದೊಡ್ಡ ಅಳತೆಗಳು ಇವೆ, ಆದರೆ ಅವು ಅಳೆಯುವುದು ಏನನ್ನು ಎಂದು ನೋಡಬೇಕು. ಜೆ.ಡಿ. ಪವರ್ ಸಂಸ್ಥೆ ಮೂರು ವರ್ಷ ಹಳೆಯ 100 ಗಾಡಿಗಳಿಗೆ ಎಷ್ಟು ತೊಂದರೆ ಎಂದು ಎಣಿಸುತ್ತದೆ. 2024ರಲ್ಲಿ ಸರಾಸರಿ 190. ಆ ಎಣಿಕೆಯಲ್ಲಿ ಫೋನ್ ಜೋಡಿಸಿಕೊಳ್ಳದ ಪರದೆಯೂ ಒಂದು ತೊಂದರೆ, ಸೀಜ್ ಆದ ಎಂಜಿನ್ನೂ ಒಂದು ತೊಂದರೆ. ಭಾರಿ ಎಂಜಿನ್ ತಯಾರಕರು ಬಳಸುವ ಬಿ10 ಎಂಬ ಅಳತೆ ಇದಕ್ಕಿಂತ ಪ್ರಾಮಾಣಿಕ: ನೂರು ಎಂಜಿನ್‌ಗಳಲ್ಲಿ ಹತ್ತು ದೊಡ್ಡ ರಿಪೇರಿಗೆ ಬರುವ ಹೊತ್ತಿಗೆ ಓಡಿದ ದೂರ ಎಷ್ಟು? ಆದರೆ ಅದು ಕಂಪನಿಯೇ ಹೇಳುವ ಲೆಕ್ಕ.

ಹೊಗೆಯ ಕಾನೂನು ಬಿಗಿಯಾದ ಕಾಲದಲ್ಲೇ ದೊಡ್ಡ ಹೆಸರುಗಳು ಎಡವಿವೆ. 2010ರ ಅಮೆರಿಕದ ಮಿತಿಯನ್ನು ಯೂರಿಯಾ ಇಲ್ಲದೆ, ಹೊಗೆಯನ್ನೇ ತಿರುಗಿ ಎಂಜಿನ್ನಿಗೆ ಕಳಿಸುವ ಇಜಿಆರ್ ವಿಧಾನದಿಂದಲೇ ಮುಟ್ಟುತ್ತೇನೆಂದು ಹೊರಟ ನವಿಸ್ಟಾರ್ 2012ರಲ್ಲಿ ಕೈಚೆಲ್ಲಿತು. ಆ ‘ಮ್ಯಾಕ್ಸ್‌ಫೋರ್ಸ್’ ಎಂಜಿನ್‌ಗಳನ್ನು ಕೊಂಡವರ ಮೊಕದ್ದಮೆ ಮುಂದೆ 13.5 ಕೋಟಿ ಡಾಲರಿನ ರಾಜಿಯಲ್ಲಿ ಮುಗಿಯಿತು. ಅಶೋಕ್ ಲೇಲ್ಯಾಂಡ್ ಕೂಡ 2017ರಲ್ಲಿ ಬಿಎಸ್-4ಕ್ಕೆ ಇಜಿಆರ್ ದಾರಿಯನ್ನೇ ಹಿಡಿದಿತ್ತು. ಬಿಎಸ್-4ರ ಮಿತಿ ಸಡಿಲವಾಗಿದ್ದರಿಂದ ಅಲ್ಲಿ ಅದು ನಡೆಯಿತು, ಬಿಎಸ್-6ಕ್ಕೆ ಬಂದಾಗ ಯೂರಿಯಾ ಸೇರಿಸಲೇಬೇಕಾಯಿತು. ಒಂದೇ ತಂತ್ರ ಒಂದು ಮಿತಿಯಲ್ಲಿ ಗೆಲ್ಲುತ್ತದೆ, ಇನ್ನೊಂದರಲ್ಲಿ ಸೋಲುತ್ತದೆ.

ಇನ್ನು ಕೆಲವರು ಲೆಕ್ಕದಲ್ಲೇ ಎಡವಿದರು. ಗಟ್ಟಿತನಕ್ಕೆ ಹೆಸರಾದ ಕಮ್ಮಿನ್ಸ್, ರ‍್ಯಾಮ್ ಪಿಕಪ್‌ಗಳ ಎಂಜಿನ್ನಿನಲ್ಲಿ ಹೊಗೆ ನಿಯಂತ್ರಣವನ್ನು ತಪ್ಪಿಸುವ ಸಾಫ್ಟ್‌ವೇರ್ ಇತ್ತೆಂಬ ಆರೋಪಕ್ಕೆ ತಪ್ಪೊಪ್ಪಿಕೊಳ್ಳದೆಯೇ 167.5 ಕೋಟಿ ಡಾಲರ್ ದಂಡ ಕಟ್ಟಲು 2023ರ ಕೊನೆಯಲ್ಲಿ ಒಪ್ಪಿತು. ಜಪಾನಿನ ಹಿನೊ 2022ರಲ್ಲಿ ಎಂಜಿನ್ ಪರೀಕ್ಷೆಯ ಅಂಕಿಗಳನ್ನು ತಿದ್ದಿದ್ದಾಗಿ ಒಪ್ಪಿಕೊಂಡಿತು; ತನಿಖೆಯಲ್ಲಿ ಆ ತಿದ್ದುಪಡಿ 2003ರಷ್ಟು ಹಿಂದಕ್ಕೆ ಹೋಯಿತು. 1980ರ ದಶಕದಲ್ಲಿ ಲೇಲ್ಯಾಂಡ್ ಲಾರಿಗಳಿಗೆ ಎಂಜಿನ್ ತಂತ್ರಜ್ಞಾನ ಕೊಟ್ಟ ಆ ಹಿನೊ ಹೆಸರನ್ನು ನಮ್ಮ ಹಳೆಯ ಚಾಲಕರು ಈಗಲೂ ಗೌರವದಿಂದ ಹೇಳುತ್ತಾರೆ. ಆ ಗೌರವ ಆ ಕಾಲದ ಎಂಜಿನ್ನಿಗೆ ಸಲ್ಲಬೇಕಾದದ್ದೇ; ಅದನ್ನು ಮುಂದಿನ ಮೂವತ್ತು ವರ್ಷಗಳ ಎಲ್ಲ ಎಂಜಿನ್‌ಗಳಿಗೂ ಹಂಚಲು ಬರುವುದಿಲ್ಲ.

ನಮ್ಮಲ್ಲಿ ಗಟ್ಟಿತನದ ಅರ್ಥಕ್ಕೆ ಇನ್ನೂ ಒಂದು ಪದರವಿದೆ. ರಾತ್ರಿ ಹನ್ನೊಂದಕ್ಕೆ ಹಿರಿಯೂರಿನ ಹತ್ತಿರ ನಿಂತ ಗಾಡಿಗೆ ಬೆಳಗಾಗುವಷ್ಟರಲ್ಲಿ ಸಾಮಾನು ಸಿಕ್ಕಿ, ಅದನ್ನು ಜೋಡಿಸಬಲ್ಲ ಮೇಸ್ತ್ರಿಯೂ ಸಿಕ್ಕರೆ ಅದು ನಂಬಿಕೆಯ ಗಾಡಿ. ಹೆಚ್ಚು ಕೆಡದಿದ್ದರೂ ಕೆಟ್ಟ ದಿನ ಸಾಮಾನಿಗಾಗಿ ವಾರ ಕಾಯಿಸುವ ಗಾಡಿ ಕಂತು ಕಟ್ಟುವ ಮಾಲೀಕನಿಗೆ ನಂಬಿಕೆಯದಲ್ಲ. ಟಾಟಾ ಮತ್ತು ಲೇಲ್ಯಾಂಡ್ ದೊಡ್ಡ ಲಾರಿಗಳ ಮಾರುಕಟ್ಟೆಯ ಮೊದಲೆರಡು ಸ್ಥಾನದಲ್ಲಿ ಇಷ್ಟು ಕಾಲ ನಿಂತಿರುವುದರಲ್ಲಿ ಎಂಜಿನ್ನಿನಷ್ಟೇ ಪಾಲು ಈ ಸಾಮಾನಿನ ಜಾಲಕ್ಕಿದೆ. ಹೊಸಕೋಟೆಯಲ್ಲಿ ಕಾರ್ಖಾನೆ ಇರುವ ವೋಲ್ವೊ ಗಣಿ ಕೆಲಸದಲ್ಲಿ ಹೆಸರು ಮಾಡಿದ್ದು ಗಾಡಿಯ ಜೊತೆಗೆ ಗಣಿಯಲ್ಲೇ ನಿಂತು ನೋಡಿಕೊಳ್ಳುವ ಸೇವೆಯನ್ನೂ ಕೊಟ್ಟು. ಬಳಕೆಯ ಪಾಪವನ್ನೂ ಕಂಪನಿಯ ತಲೆಗೆ ಕಟ್ಟಬಾರದು: ಮಿತಿಮೀರಿದ ಲೋಡು, ಕಳಪೆ ಆಯಿಲ್, ಕೂಲೆಂಟಿನ ಬದಲು ಬೋರ್‌ವೆಲ್ಲಿನ ಗಡುಸು ನೀರು, ಟರ್ಬೊ ತಣಿಯಲು ಬಿಡದೆ ಕೀ ತಿರುಗಿಸುವ ಅವಸರ. ಇವು ಯಾವ ಕಂಪನಿಯ ಎಂಜಿನ್ನನ್ನೂ ಉಳಿಸುವುದಿಲ್ಲ.

ಕಂಪನಿಗಳಿಂದ ಲೆಕ್ಕ ಕೇಳುವ ಕಾನೂನು ನಮ್ಮಲ್ಲೂ ಬಂದಿದೆ. ಮೋಟಾರು ವಾಹನ ಕಾಯ್ದೆಯ 2019ರ ತಿದ್ದುಪಡಿ ದೋಷವಿರುವ ಗಾಡಿಗಳನ್ನು ಹಿಂದಕ್ಕೆ ಕರೆಸುವ ಅಧಿಕಾರವನ್ನು ಕೇಂದ್ರ ಸರ್ಕಾರಕ್ಕೆ ಕೊಟ್ಟಿತು. 2021ರ ಏಪ್ರಿಲ್ 1ರಿಂದ ಜಾರಿಯಾದ ನಿಯಮಗಳು ಏಳು ವರ್ಷದೊಳಗಿನ ಗಾಡಿಗಳಿಗೆ ಅನ್ವಯಿಸುತ್ತವೆ, ದಂಡ ಒಂದು ಕೋಟಿ ರೂಪಾಯಿಯವರೆಗೆ. ಆದರೆ ಈ ಕಾನೂನು ನೋಡುವುದು ಸುರಕ್ಷತೆ ಮತ್ತು ಪರಿಸರಕ್ಕೆ ಧಕ್ಕೆ ತರುವ ದೋಷವನ್ನು. ಆರು ತಿಂಗಳಿಗೊಮ್ಮೆ ಕೆಟ್ಟು ಸಂಪಾದನೆ ನಿಲ್ಲಿಸುವ ಇಂಜೆಕ್ಟರ್ ಅದರ ಕಣ್ಣಿಗೆ ಬೀಳುವುದು ಕಷ್ಟ. ಅಮೆರಿಕದ ಹೆದ್ದಾರಿ ಸುರಕ್ಷತಾ ಸಂಸ್ಥೆಗೆ ಬಂದ ದೂರುಗಳನ್ನು ಯಾರು ಬೇಕಾದರೂ ಮಾದರಿ, ವರ್ಷದ ಪ್ರಕಾರ ಓದಬಹುದು. ರಿಪೇರಿಯ ಮಾಹಿತಿಯನ್ನು ಹೊರಗಿನ ಮೆಕ್ಯಾನಿಕ್ಕುಗಳಿಗೂ ಕೊಡಬೇಕೆಂದು ಮ್ಯಾಸಚೂಸೆಟ್ಸ್ ರಾಜ್ಯದ ಮತದಾರರು 2012ರಲ್ಲೊಮ್ಮೆ, 2020ರಲ್ಲೊಮ್ಮೆ ತೀರ್ಪು ಕೊಟ್ಟರು. ಭಾರತದ ಗ್ರಾಹಕ ವ್ಯವಹಾರಗಳ ಇಲಾಖೆ 2022ರ ಡಿಸೆಂಬರಿನಲ್ಲಿ ತೆರೆದ ರಿಪೇರಿ ಹಕ್ಕಿನ ಪೋರ್ಟಲ್ಲಿನಲ್ಲಿ ವಾಹನ ಕ್ಷೇತ್ರವೂ ಇದೆ, ಆದರೆ ಮಾಹಿತಿ ಕೊಡಲೇಬೇಕೆಂಬ ಕಟ್ಟುಪಾಡು ಅದಕ್ಕಿಲ್ಲ.

ಇಷ್ಟನ್ನೂ ಕೂಡಿಸಿ ನೋಡಿದರೆ ಯಾವ ಕಂಪನಿ ಗಟ್ಟಿ ಎಂಬ ಪ್ರಶ್ನೆಗೆ ಒಂದೇ ಹೆಸರಿನ ಉತ್ತರವಿಲ್ಲ. ಕೊಳ್ಳುವವರು ಕೇಳಬೇಕಾದದ್ದು ಎಂಜಿನ್ನಿನ ಮಾದರಿ ಯಾವುದು, ಅದು ಮಾರುಕಟ್ಟೆಗೆ ಬಂದು ಎಷ್ಟು ವರ್ಷವಾಯಿತು, ತಮ್ಮ ದಾರಿಯಲ್ಲಿ ಅದರ ಸಾಮಾನು ಎಲ್ಲೆಲ್ಲಿ ಸಿಗುತ್ತದೆ ಎಂಬುದನ್ನು. ಹೊಸ ಎಂಜಿನ್ ಬಂದ ಮೊದಲೆರಡು ವರ್ಷ ಕಾಯುವುದು ಜಾಣತನ. ಟಂಡ್ರಾದ ಕಥೆ ಅದಕ್ಕೆ ಸಾಕ್ಷಿ. ಸಾರಿಗೆ ಸಂಸ್ಥೆಯ ಡಿಪೋಗಳಲ್ಲಿ ಪ್ರತಿ ಬಸ್ಸಿನ ಡೀಸೆಲ್, ಆಯಿಲ್, ರಿಪೇರಿಯ ಲೆಕ್ಕ ಇಡುವಂತೆ ಲಾರಿ ಮಾಲೀಕರೂ ಒಂದು ಪುಸ್ತಕ ಇಡಬೇಕು: ತಾರೀಖು, ಕಿಲೋಮೀಟರ್, ಏನಾಯಿತು, ಏನು ಬದಲಾಯಿತು, ಮತ್ತೆ ಯಾವಾಗ ಬಂತು. ಲಾರಿ ಮಾಲೀಕರ ಸಂಘಗಳು ಅಂಥ ನೂರಾರು ಪುಸ್ತಕಗಳನ್ನು ಒಟ್ಟುಗೂಡಿಸಿ ಮಾದರಿವಾರು ಪ್ರಕಟಿಸಿದರೆ ಕಂಪನಿಗಳು ಅದಕ್ಕೆ ಉತ್ತರ ಕೊಡಲೇಬೇಕಾಗುತ್ತದೆ. ಸರ್ಕಾರ ತನಗೆ ಬಂದ ದೂರುಗಳನ್ನು ಎಲ್ಲರೂ ಓದುವಂತೆ ತೆರೆದಿಡಲಿ; ರಸ್ತೆ ಬದಿಯ ಮೇಸ್ತ್ರಿಗೆ ಸರಿಯಾದ ಸ್ಕ್ಯಾನರ್ ಮತ್ತು ಕನ್ನಡದಲ್ಲಿ ರಿಪೇರಿ ಕೈಪಿಡಿ ಸಿಗುವಂತೆ ನಿಯಮ ಮಾಡಲಿ.